ಹುಲ್ಲುಹಾಸಿನ ಮೇಲಿನ ಜೋಪಡಿಗಳು: ವರ್ಣಭೇದ ವಿರೋಧಿ ವಿದ್ಯಾರ್ಥಿ ಚಳವಳಿಯ ಫಲಾಫಲ ಕುರಿತು ಒಂದು ತಕರಾರು

1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಆವರಣದ ನಟ್ಟನಡುವೆ ಹಲಗೆ, ತಗಡು, ಪ್ಲಾಸ್ಟಿಕ್ ಹಾಳೆಗಳ ಜೋಪಡಿ ಕಟ್ಟಿ ಕೂತರು. ದಕ್ಷಿಣ ಆಫ್ರಿಕದಲ್ಲಿ ವ್ಯವಹರಿಸುವ ಕಂಪನಿಗಳ ಶೇರುಗಳನ್ನು ತಮ್ಮ ಸಂಸ್ಥೆ ಮಾರಬೇಕು ಎಂಬುದು ಅವರ ಬೇಡಿಕೆ. ಈ ಜೋಪಡಿಗಳ ಬಗ್ಗೆ ಸಮಾಜಶಾಸ್ತ್ರಜ್ಞೆ ಸಾರಾ ಸೂಲ್ 1997 ಮತ್ತು 1999ರ ಲೇಖನಗಳಲ್ಲಿ ತಲುಪಿದ ತೀರ್ಮಾನ ಇಂದಿಗೂ ಚಲಾವಣೆಯಲ್ಲಿದೆ. ಈ ಪ್ರತಿಭಟನಾ ವಿಧಾನ ಒಂದು ಕಾಲೇಜಿನಿಂದ ಇನ್ನೊಂದಕ್ಕೆ, ವಿಶೇಷವಾಗಿ ಒಂದೇ ಅಂತಸ್ತಿನ ಸಂಸ್ಥೆಗಳ ನಡುವೆ, ಬೇಗ ಹಬ್ಬಿತು. ಆದರೆ ಹೂಡಿಕೆ ಹಿಂತೆಗೆಸುವಲ್ಲಿ ಸೋತಿತು ಎಂಬುದು ಆ ತೀರ್ಮಾನ. ಮೊದಲ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯದನ್ನು ಮಾತ್ರ ಇಲ್ಲಿ ಪ್ರಶ್ನಿಸುತ್ತೇನೆ.

ಹಿನ್ನೆಲೆ ಪರಿಚಿತವೇ. ಭಾರತ 1946ರಲ್ಲಿಯೇ ದಕ್ಷಿಣ ಆಫ್ರಿಕದೊಂದಿಗಿನ ವ್ಯಾಪಾರ ನಿಲ್ಲಿಸಿ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ನಮ್ಮಲ್ಲಿ ಸರ್ಕಾರವೇ ಮಾಡಿದ ಕೆಲಸಕ್ಕೆ ಅಮೆರಿಕದ ಸರ್ಕಾರ ಒಲ್ಲೆ ಎಂದದ್ದರಿಂದ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಕೈಗೆಟಕುವ ಹಣದತ್ತ, ಎಂದರೆ ಕಾಲೇಜಿನ ದತ್ತಿನಿಧಿಯತ್ತ, ತಿರುಗಿದರು. ದಕ್ಷಿಣ ಆಫ್ರಿಕದಲ್ಲಿ ನಡೆದ 1976ರ ಸೊವೆಟೊ ದಂಗೆಯ ಮರುವರ್ಷ ಹ್ಯಾಂಪ್‌ಶೈರ್ ಕಾಲೇಜು ಶೇರು ಮಾರಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1978ರಲ್ಲಿ ಹಿಂಬಾಲಿಸಿತು. ಅದೇ 1977ರಲ್ಲಿ ಪಾದ್ರಿ ಲಿಯಾನ್ ಸಲಿವನ್ ರೂಪಿಸಿದ ನಡವಳಿಕೆ ಸೂತ್ರಗಳು ಉಳಿದ ಸಂಸ್ಥೆಗಳಿಗೆ ಒಳ್ಳೆಯ ಆಸರೆಯಾದವು: ಕಾರ್ಖಾನೆಯೊಳಗೆ ಕರಿಯರನ್ನೂ ಬಿಳಿಯರನ್ನೂ ಸಮಾನವಾಗಿ ನಡೆಸಿಕೊಳ್ಳುವ ಕಂಪನಿಯ ಶೇರು ಇಟ್ಟುಕೊಳ್ಳಲು ಅಡ್ಡಿಯೇನು? ಹತ್ತು ವರ್ಷಗಳ ನಂತರ ಸಲಿವನ್ ಅವರೇ ಆ ಸೂತ್ರಗಳು ಸಾಲವೆಂದು ಕಂಪನಿಗಳು ಹೊರಬರಬೇಕೆಂದರು.

1985ರ ತಿರುವಿಗೆ ಕೊಲಂಬಿಯ ವಿಶ್ವವಿದ್ಯಾಲಯ ಕಾರಣ. ಅಲ್ಲಿನ ಸೆನೆಟ್ 1983ರಲ್ಲಿ ಹಿಂತೆಗೆತದ ಪರ ಮತ ಹಾಕಿದ್ದರೂ ಟ್ರಸ್ಟಿಗಳು ಒಪ್ಪಿರಲಿಲ್ಲ. 1985ರ ಏಪ್ರಿಲ್ 4ರಂದು ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲಿನ ಬಾಗಿಲಿಗೆ ಸರಪಳಿ ಬಿಗಿದು ಮೂರು ವಾರ ಅಲ್ಲೇ ಬೀಡುಬಿಟ್ಟರು. ಅಕ್ಟೋಬರಿನಲ್ಲಿ ಟ್ರಸ್ಟಿಗಳು ಮಣಿದರು. ಅಲ್ಲಿನ ಭಾಗಿಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದ ಎರಿಕ್ ಹರ್ಷ್ ಅವರ 1990ರ ಲೇಖನ ವಿದ್ಯಾರ್ಥಿಗಳ ಬದ್ಧತೆ ಹೇಗೆ ಬಲಿಯಿತೆಂಬುದನ್ನು ಚೆನ್ನಾಗಿ ವಿವರಿಸುತ್ತದೆ. ಬಾಗಿಲ ಬಳಿಯ ಈ ಬೀಡೇ ಬೇರೆ ಆವರಣಗಳಲ್ಲಿ ಜೋಪಡಿಯ ರೂಪ ತಾಳಿತು.

ಇನ್ನು ವಿವಾದದ ಅಂಶ. ಸೂಲ್ ಅವರ ಲೆಕ್ಕದಲ್ಲಿ ದೋಷವಿದೆ ಎಂಬುದು ನನ್ನ ವಾದವಲ್ಲ. ಅಳತೆಗೋಲು ಹಿಡಿದ ಜಾಗ ಸರಿಯಿಲ್ಲ ಎಂಬುದು ವಾದ. ಒಂದು ಕಾಲೇಜಿನಲ್ಲಿ ಜೋಪಡಿ ಎದ್ದಿತೇ, ಅದೇ ಕಾಲೇಜು ಬೇಗ ಶೇರು ಮಾರಿತೇ ಎಂದು ಕೇಳಿದರೆ ಎರಡು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಕಾಲದ್ದು. ಸುಲಭವಾಗಿ ಒಪ್ಪುವ ಸಂಸ್ಥೆಗಳಲ್ಲಿ ಕೆಲವು ಜೋಪಡಿ ಎಂಬ ಉಪಾಯ ಹುಟ್ಟುವ ಮೊದಲೇ ಒಪ್ಪಿಯಾಗಿತ್ತು. ಉಳಿದವುಗಳಲ್ಲಿ ಹಟಮಾರಿ ಮಂಡಳಿಗಳಿದ್ದಲ್ಲಿಯೇ ಮನವಿ, ನಿರ್ಣಯ, ಸಭೆಗಳೆಲ್ಲ ಮುಗಿದ ಮೇಲೆ ಜೋಪಡಿ ಏಳುವ ಸಂಭವ ಹೆಚ್ಚು. ಜ್ವರ ಏರಿದವರಿಗಷ್ಟೇ ಕಷಾಯ ಕೊಟ್ಟು, ಕಷಾಯ ಕುಡಿದವರೇ ತಡವಾಗಿ ಚೇತರಿಸಿಕೊಂಡರೆಂದು ಕಷಾಯವನ್ನು ದೂರಬಾರದು. ಡಾರ್ಟ್‌ಮತ್ ಕಾಲೇಜಿನಲ್ಲಿ 1985ರ ನವೆಂಬರಿನಲ್ಲಿ ಜೋಪಡಿ ಎದ್ದಿತು, ಪೂರ್ಣ ಹಿಂತೆಗೆತ ಆದದ್ದು 1989ರಲ್ಲಿ. ಈ ನಾಲ್ಕು ವರ್ಷಗಳನ್ನು ಜೋಪಡಿಯ ಸೋಲೆನ್ನಬೇಕೇ, ಮಂಡಳಿಯ ಹಟವೆನ್ನಬೇಕೇ ಎಂಬುದನ್ನು ತಾರೀಖು ತಾನಾಗಿ ಹೇಳದು. ಸಂಸ್ಥೆಯ ಗಾತ್ರ, ದತ್ತಿನಿಧಿ, ಪ್ರತಿಷ್ಠೆಗಳು ಅಂಕಿಅಂಶಕ್ಕೆ ಸಿಗುವ ಗುಣಗಳು. ಮಂಡಳಿಯ ಹಟ ಹಾಗೆ ಸಿಗುವಂಥದ್ದಲ್ಲ.

ಎರಡನೆಯ ತೊಡಕು ಹೆಚ್ಚು ಮುಖ್ಯ. ಫಲ ಅದೇ ಆವರಣದೊಳಗೆ ಕಾಣಿಸಬೇಕೆಂಬ ನಿಯಮವೇನಿಲ್ಲ. 1986ರ ಜುಲೈನಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರೀಜೆಂಟರು 300 ಕೋಟಿ ಡಾಲರಿಗೂ ಮಿಕ್ಕ ಹೂಡಿಕೆಯನ್ನು ಹಿಂತೆಗೆಯಲು ಒಪ್ಪಿದರು. ಬರ್ಕ್ಲಿ ಆವರಣದಲ್ಲಿ ಏಪ್ರಿಲಿನಲ್ಲಿ ಜೋಪಡಿಗಳ ಸುತ್ತ ಪೊಲೀಸರೊಂದಿಗೆ ಘರ್ಷಣೆ ನಡೆದಿತ್ತು ನಿಜ. ಆದರೆ ನಿರ್ಧಾರವನ್ನು ವಾಲಿಸಿದವರು ಆ ವರ್ಷ ಮರುಚುನಾವಣೆ ಎದುರಿಸುತ್ತಿದ್ದ ಗವರ್ನರ್ ಜಾರ್ಜ್ ಡ್ಯೂಕ್‌ಮೇಜಿಯನ್. ಒತ್ತಡ ಆವರಣ ದಾಟಿ ರಾಜ್ಯ ರಾಜಕಾರಣದ ಮೂಲಕ ಸುತ್ತಿ ಬಂದು ಅದೇ ಮಂಡಳಿಯನ್ನು ತಲುಪಿದ ಉದಾಹರಣೆ ಇದು. ಕಾಲೇಜುಗಳನ್ನು ಬಿಡಿಬಿಡಿಯಾಗಿ ಎಣಿಸುವ ವಿಧಾನದ ಬಲೆಗೆ ಇಂಥ ದಾರಿ ಬೀಳುವುದು ಕಷ್ಟ.

ಹಾಗಾದರೆ ಜೋಪಡಿ ಮಾಡಿದ್ದೇನು? ಅದು ವಿಶ್ವವಿದ್ಯಾಲಯಗಳಿಂದ ತಟಸ್ಥತೆಯ ಸೌಕರ್ಯವನ್ನು ಕಿತ್ತುಕೊಂಡಿತು ಎಂಬುದು ನನ್ನ ಪ್ರತಿಪಾದನೆ. ಹಾರ್ವರ್ಡ್‌ನ ಅಧ್ಯಕ್ಷ ಡೆರೆಕ್ ಬಾಕ್ ಮಂಡಿಸಿದ ವಾದ ಅಂದಿನ ಆಡಳಿತಗಳಿಗೆಲ್ಲ ಮಾದರಿಯಾಗಿತ್ತು: ರಾಜಕೀಯ ಒತ್ತಡ ಹೇರುವುದು ವಿದ್ಯಾಸಂಸ್ಥೆಯ ಕೆಲಸವಲ್ಲ, ಶೇರು ಮಾರಿದರೆ ವರ್ಣಭೇದವೇನೂ ಅಳಿಯದು. ಹಣಕಾಸಿನ ಮಟ್ಟಿಗೆ ಈ ವಾದದಲ್ಲಿ ಹುರುಳಿತ್ತು. ಟಿಯೊ, ವೆಲ್ಚ್ ಮತ್ತು ವಜ್ಜಾನ್ 1999ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೂ ಬಹಿಷ್ಕಾರದಿಂದ ಶೇರುಬೆಲೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಆದರೆ ಏನೂ ಮಾಡದೆ ಕೂರುವುದು ಹೂಡಿಕೆ ಸಮಿತಿಯ ಕೋಣೆಯೊಳಗೆ ಮಾತ್ರ ಸಾಧ್ಯ. ಹುಲ್ಲುಹಾಸಿನ ಮೇಲೆ ಜೋಪಡಿ ನಿಂತ ಮೇಲೆ ಅದನ್ನು ಉಳಿಸುವುದೂ ಒಂದು ನಿರ್ಧಾರ, ಕೆಡಹುವುದೂ ಒಂದು ನಿರ್ಧಾರ.

1986ರ ಏಪ್ರಿಲಿನಲ್ಲಿ ಯೇಲ್ ವಿಶ್ವವಿದ್ಯಾಲಯ ವಿನ್ನಿ ಮಂಡೇಲಾ ಹೆಸರಿನ ಜೋಪಡಿ ಬೀಡನ್ನು ಕೆಡವಿಸಿ ವಿದ್ಯಾರ್ಥಿಗಳನ್ನು ಬಂಧಿಸಿತು. ಬಳಿಕ ಅದು ಮತ್ತೆ ಎದ್ದು ನಿಲ್ಲಲು ಬಿಡಬೇಕಾಯಿತು. ಡಾರ್ಟ್‌ಮತ್‌ನಲ್ಲಿ ಕೆಡವಿದವರು ವಿದ್ಯಾರ್ಥಿಗಳೇ: 1986ರ ಜನವರಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ದಿನ ಮುಗಿದ ರಾತ್ರಿ, ಬಹುಪಾಲು ಒಂದು ಬಲಪಂಥೀಯ ಪತ್ರಿಕೆಯ ಬಳಗಕ್ಕೆ ಸೇರಿದ ಗುಂಪು ಸುತ್ತಿಗೆ ಹಿಡಿದು ಬಂತು. ದಕ್ಷಿಣ ಆಫ್ರಿಕದ ಪ್ರಶ್ನೆ ಆ ರಾತ್ರಿಯಿಂದ ಡಾರ್ಟ್‌ಮತ್‌ನ ಸ್ವಂತ ಜನಾಂಗೀಯ ಪ್ರಶ್ನೆಯೂ ಆಯಿತು. ಯೂಟಾ ವಿಶ್ವವಿದ್ಯಾಲಯದಲ್ಲಿ ಜೋಪಡಿ ತೆಗೆಸಲು ಆಡಳಿತ ಸುರಕ್ಷತೆ, ಹೊಣೆಗಾರಿಕೆಗಳ ಕಾರಣ ಕೊಟ್ಟಿತು. ಫೆಡರಲ್ ನ್ಯಾಯಾಲಯ ಅದನ್ನು ಒಪ್ಪದೆ, ಜೋಪಡಿ ಸಂವಿಧಾನದ ರಕ್ಷಣೆಯುಳ್ಳ ಅಭಿವ್ಯಕ್ತಿ ಎಂದು 1986ರಲ್ಲಿ ತೀರ್ಪಿತ್ತಿತು. ವರ್ಜೀನಿಯದಲ್ಲಿ ಇದೇ ಜಗಳ ಬೇರೆ ರೀತಿ ಮುಗಿಯಿತು. ಐತಿಹಾಸಿಕ ರೊಟುಂಡಾ ಕಟ್ಟಡದ ಮುಂದೆ ಜೋಪಡಿ ಕೂಡದೆಂಬ ನಿಯಮ ಅಸ್ಪಷ್ಟವೆಂದು ಮೊದಲು ಬಿದ್ದುಹೋಯಿತು. ತಿದ್ದಿ ಬರೆದದ್ದು 1988ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ನಿಂತಿತು. ಅಲ್ಲಿ ಪ್ರತಿವಾದಿಯಾಗಿದ್ದ ಅಧ್ಯಕ್ಷ ರಾಬರ್ಟ್ ಓ'ನೀಲ್ ಸ್ವತಃ ವಾಕ್‌ಸ್ವಾತಂತ್ರ್ಯದ ಕಾನೂನಿನಲ್ಲಿ ಹೆಸರಾದ ವಿದ್ವಾಂಸರು ಎಂಬುದನ್ನು ಇಲ್ಲಿ ಹೇಳದಿರಲಾಗದು.

ಈ ಪ್ರತಿಪಾದನೆಗೆ ಮಿತಿಗಳಿವೆ. ತಟಸ್ಥತೆ ದುಬಾರಿಯಾಯಿತು ಎಂದ ಮಾತ್ರಕ್ಕೆ ಹಿಂತೆಗೆತ ಬೇಗನಾಯಿತು ಎಂದಾಗದು. ಹೆಚ್ಚೆಂದರೆ ಆಡಳಿತಗಳು ಉತ್ತರಿಸಬೇಕಾದ ಪ್ರಶ್ನೆ ಬದಲಾಯಿತು ಎನ್ನಬಹುದು. ನಾನು ಆರಿಸಿದವು ಗದ್ದಲವಾದ, ನ್ಯಾಯಾಲಯಕ್ಕೆ ಹೋದ ಪ್ರಕರಣಗಳು. ಜೋಪಡಿ ಎದ್ದು ಸದ್ದಿಲ್ಲದೆ ಬಿದ್ದ ಕಾಲೇಜುಗಳು ಇದಕ್ಕೆ ವಿರುದ್ಧ ಸಾಕ್ಷ್ಯ ನುಡಿಯಬಹುದು. 1986ರ ಅಕ್ಟೋಬರ್ 2ರಂದು ಅಮೆರಿಕದ ಅಧ್ಯಕ್ಷ ರೇಗನ್ ಅವರ ವೀಟೊ ಮೀರಿ ಸೆನೆಟ್ 78–21 ಮತಗಳಿಂದ ದಕ್ಷಿಣ ಆಫ್ರಿಕದ ಮೇಲಿನ ದಿಗ್ಬಂಧನ ಕಾಯಿದೆಯನ್ನು ಅಂಗೀಕರಿಸಿದ್ದನ್ನು ಜೋಪಡಿಗಳ ಖಾತೆಗೆ ಜಮಾ ಮಾಡುವುದು ಅತಿಯಾದೀತು. ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕ ರಾಯಭಾರ ಕಚೇರಿಯ ಮುಂದೆ 1984ರ ನವೆಂಬರಿನಿಂದ ಬಂಧನಕ್ಕೊಳಗಾಗುತ್ತಿದ್ದ ರ‍್ಯಾಂಡಲ್ ರಾಬಿನ್ಸನ್ ಮತ್ತು ಸಂಗಡಿಗರ ಪಾಲು ಅಲ್ಲಿ ದೊಡ್ಡದು. 1985ರ ಬೇಸಿಗೆಯಲ್ಲಿ ಚೇಸ್ ಮ್ಯಾನ್ಹಟನ್ ಬ್ಯಾಂಕು ದಕ್ಷಿಣ ಆಫ್ರಿಕಕ್ಕೆ ಸಾಲ ನವೀಕರಿಸಲು ನಿರಾಕರಿಸಿದಾಗ ಜೋಪಡಿಗಳು ಇನ್ನೂ ವ್ಯಾಪಕವಾಗಿರಲಿಲ್ಲ. ಅದಕ್ಕೆ ಅಲ್ಲಿನ ಬೀದಿಗಳ ಹೋರಾಟ ಮತ್ತು ತುರ್ತುಸ್ಥಿತಿಯೇ ಹೆಚ್ಚು ಕಾರಣ.

ತೀರ್ಮಾನಕ್ಕೆ ಬೇಕಾದ ಆಕರ ಟ್ರಸ್ಟಿಗಳ ನಡಾವಳಿಗಳಲ್ಲಿದೆ. ಜೋಪಡಿ ಎದ್ದ ಮೇಲೆ ಆ ಸಭೆಗಳಲ್ಲಿ ಚರ್ಚೆಯ ವಿಷಯ ಶೇರಿನಿಂದ ನೆಲದತ್ತ ಹೊರಳಿತೇ ಎಂದು ಸಾಲುಸಾಲಾಗಿ ನೋಡಬೇಕು. ಹೊರಳದಿದ್ದರೆ ಈ ಲೇಖನದ ವಾದ ಬಿದ್ದುಹೋಗುತ್ತದೆ. ಅದಕ್ಕೆ ಹಾರ್ವರ್ಡ್ ಕಠಿಣ ಪರೀಕ್ಷೆ. ಅಲ್ಲಿ 1986ರಲ್ಲಿ ಜೋಪಡಿ ಎದ್ದಿತು, 1989ರಲ್ಲಿ ಹಿಂತೆಗೆತದ ಪರ ನಿಂತ ಡೆಸ್ಮಂಡ್ ಟುಟು ಹಳೆಯ ವಿದ್ಯಾರ್ಥಿಗಳ ಮತದಿಂದ ಮೇಲ್ವಿಚಾರಕ ಮಂಡಳಿಗೆ ಆಯ್ಕೆಯಾದರು. ಹಾರ್ವರ್ಡ್ ತನ್ನ ಹೂಡಿಕೆಯನ್ನು ಪೂರ್ತಿಯಾಗಿ ಹಿಂತೆಗೆಯಲೇ ಇಲ್ಲ.