ಸವಾರರ ಫಲಕದಲ್ಲಿ ಯಾರ ಹೆಸರು?

ಕೋಲ್ಕತ್ತದ ಸಂತ ಪೌಲರ ಕೆಥೆಡ್ರಲ್‌ನಲ್ಲಿ 'ಲಮ್ಸ್‌ಡೆನ್ಸ್ ಹಾರ್ಸ್' ಎಂಬ ಸ್ವಯಂಸೇವಕ ಕುದುರೆ ದಳದ ಸ್ಮಾರಕ ಫಲಕವಿದೆ. ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಅಲ್ಲಿನ ಬಿಳಿಯ ಬೋಅರರಿಗೂ ನಡೆದ ಬೋಅರ್ ಯುದ್ಧದಲ್ಲಿ ಸತ್ತ ಸವಾರರ ನೆನಪಿನದು ಅದು. 1899ರ ಡಿಸೆಂಬರಿನ ಒಂದೇ ವಾರದಲ್ಲಿ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೇನ್, ಕೊಲೆನ್ಸೊಗಳಲ್ಲಿ ಬ್ರಿಟಿಷ್ ಸೇನೆ ಸೋತಿತು. ಕುದುರೆ ಏರಿ ಬಂದೂಕು ಹಿಡಿಯಬಲ್ಲವರಿಗೆ ಒಮ್ಮೆಲೇ ಬೇಡಿಕೆ ಬಂತು. ಅಸ್ಸಾಂ ಸ್ವಯಂಸೇವಕ ಪಡೆಯ ಕರ್ನಲ್ ಲಮ್ಸ್‌ಡೆನ್, ದಳ ಕಟ್ಟಲು ತಾನೇ 50,000 ರೂಪಾಯಿ ಕೊಡುವುದಾಗಿ ಮುಂದೆ ಬಂದ. ಸುಮಾರು 250 ಮಂದಿ ಸೇರಿದರು. ಅಸ್ಸಾಮಿನ ಚಹಾ ತೋಟದವರು, ಬಿಹಾರದ ನೀಲಿ ಬೆಳೆಗಾರರು, ಇವರ ಜೊತೆಗೆ ಮೈಸೂರು ಮತ್ತು ಕೊಡಗಿನ ತೋಟದ ದೊರೆಗಳೂ ಇದ್ದರು. 1900ರ ಏಪ್ರಿಲ್ 30ರಂದು ಹೌಟ್ನೆಕ್ ಕಾಳಗದಲ್ಲಿ ಮೇಜರ್ ಶವರ್ಸ್ ಮತ್ತು ಹಲವು ಸವಾರರು ಬಿದ್ದರು.

ಇಂಥ ಫಲಕಗಳನ್ನು 'ಭಾರತದ ಕೊಡುಗೆ'ಯ ಗುರುತೆಂದು ಓದುವ ರೂಢಿಯಿದೆ. ನನ್ನ ಮಟ್ಟಿಗೆ ಅವು ಸಾವಿನ ಲೆಕ್ಕಕ್ಕಿಂತ ಹೆಚ್ಚಾಗಿ ಒಂದು ಸಮುದಾಯದ ಸದಸ್ಯಪಟ್ಟಿ. ಈ ಯುದ್ಧ ಬಿಳಿಯರ ನಡುವಿನದು, ಭಾರತೀಯ ಸಿಪಾಯಿಗಳನ್ನು ಕಾದಾಡಲು ಕಳಿಸಕೂಡದು ಎಂಬುದು ಲಂಡನ್ನಿನ ನಿಲುವಾಗಿತ್ತು. ಆದರೆ ಕುದುರೆಗೆ ಮೈ ತಿಕ್ಕುವ ಸಯೀಸರು, ಲಾಳ ಕಟ್ಟುವ ನಾಲಬಂದರು, ನೀರು ಹೊರುವ ಭಿಸ್ತಿಗಳು, ಡೋಲಿ ಹೊರುವವರು ಭಾರತದಿಂದಲೇ ಸಾವಿರಗಟ್ಟಲೆ ಹೋದರು. ಬ್ರಿಟಿಷರ ಕಡೆ ಸತ್ತ ಕುದುರೆಗಳೇ 3 ಲಕ್ಷಕ್ಕೂ ಮಿಕ್ಕಿದ್ದವು ಎಂದರೆ ಈ ಕೆಲಸಗಾರರ ಪಾಡು ಊಹಿಸಬಹುದು. ದಕ್ಷಿಣ ಆಫ್ರಿಕದ ನೇಟಾಲಿನಲ್ಲಿ ಗಾಂಧಿ ಕಟ್ಟಿದ ಆಂಬುಲೆನ್ಸ್ ದಳದ ಸುಮಾರು 1,100 ಮಂದಿಯಲ್ಲಿ ಬಹುಪಾಲು ಜನ ಗಿರ್ಮಿಟ್ (ಕರಾರಿನ) ಕೂಲಿಗಳೇ.

ಈ ಕೆಲಸಗಾರರನ್ನು ಬಿಟ್ಟು ಕಾದಾಡಿ ಸತ್ತವರಿಗಷ್ಟೇ ಫಲಕ, ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಆದರೆ ಆ ಯುದ್ಧದಲ್ಲಿ ಸತ್ತ ಸುಮಾರು 22,000 ಬ್ರಿಟಿಷ್ ಸೈನಿಕರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಮಂದಿಯನ್ನು ಕೊಂದದ್ದು ರೋಗ, ಮುಖ್ಯವಾಗಿ ಟೈಫಾಯ್ಡ್. ಬ್ಲೂಮ್‌ಫಾಂಟೇನಿನ ಆಸ್ಪತ್ರೆಗಳಲ್ಲಿ ಜ್ವರದಿಂದ ತೀರಿಕೊಂಡವರ ಹೆಸರನ್ನೂ ಆ ಕಾಲದ ಸ್ಮಾರಕಗಳು ಗೌರವದಿಂದ ಕೆತ್ತಿವೆ. ಹಾಗೆ ಕೆತ್ತಿದ್ದು ಸರಿಯೇ. ಆದರೆ ಜ್ವರದ ಸಾವು ಯುದ್ಧದ ಸಾವೇ ಆದಮೇಲೆ, ಅದೇ ಕೊಳಕು ನೀರು ಕುಡಿದ ಭಿಸ್ತಿಯನ್ನು ಹೊರಗಿಡಲು ಕಾದಾಟದ ನೆಪ ಸಾಲದು.

ಸಾಮಾನ್ಯ ಸೈನಿಕನ ಹೆಸರು ಬರೆಯುವ ರೂಢಿಯೇ ಆಗ ಇರಲಿಲ್ಲ ಎಂಬ ಮಾತು ಇದಕ್ಕಿಂತ ಗಟ್ಟಿ. ಹಿಂದಿನ ಯುದ್ಧಗಳ ಚರ್ಚ್ ಫಲಕಗಳಲ್ಲಿ ಹೆಚ್ಚಾಗಿ ಕಾಣುವುದು ಅಧಿಕಾರಿಗಳೇ. ಆದರೆ ಆ ರೂಢಿ ಮುರಿದದ್ದು ಇದೇ ಯುದ್ಧದಲ್ಲಿ, ಅದರಲ್ಲೂ ಸ್ವಯಂಸೇವಕರ ವಿಷಯದಲ್ಲಿ. ಲಮ್ಸ್‌ಡೆನ್ ದಳದ ಮಾಮೂಲಿ ಸವಾರನೂ ತೋಟದ ಮ್ಯಾನೇಜರು, ಕ್ಲಬ್ಬಿನ ಸದಸ್ಯ. ಹಲವರು ಮುಂದೆ ಸೇನಾಧಿಕಾರಿಗಳೇ ಆದರು. ಅಂಥ ಸವಾರನ ಹೆಸರು ಗೋಡೆಗೇರಲು ಹುದ್ದೆ ಬೇಕಿರಲಿಲ್ಲ, ಕುಲ ಸಾಕಿತ್ತು.

ಚರ್ಚಿನೊಳಗೆ ಹಿಂದೂ, ಮುಸಲ್ಮಾನ ಹೆಸರುಗಳನ್ನು ನಿರೀಕ್ಷಿಸುವುದೇ ಅತಿ ಎನ್ನುವವರಿಗೆ ಜೊಹಾನ್ಸ್‌ಬರ್ಗ್‌ನ ಅಬ್ಸರ್ವೇಟರಿ ಗುಡ್ಡದ ಸ್ಮಾರಕವನ್ನು ತೋರಿಸಬೇಕು. ಅದು ಚರ್ಚಲ್ಲ; ಅದೇ ಯುದ್ಧದಲ್ಲಿ ಸತ್ತ ಭಾರತೀಯ ಸೇನೆಯ ಮುಸಲ್ಮಾನ, ಹಿಂದೂ, ಸಿಖ್, ಕ್ರೈಸ್ತ, ಪಾರ್ಸಿ ಎಲ್ಲರನ್ನೂ ನೆನೆಯುತ್ತದೆ. ಅಲ್ಲಿನ ಅರ್ಪಣೆಯ ಬರಹದಲ್ಲಿ ಬ್ರಿಟಿಷ್ ಅಧಿಕಾರಿಗಳಿಂದ ಮೊದಲಾಗಿ ನಾಲಬಂದರು, ಕೊನೆಗೆ 'ಹಿಂಬಾಲಕರು', ಅಂದರೆ ಸೇನೆಯ ಹಿಂದೆ ಹೋದ ಕೆಲಸಗಾರರು, ಬರುತ್ತಾರೆ. ಧರ್ಮದ ಅಡ್ಡಿ ಇಲ್ಲದ ಕಡೆಯೂ ಅವರನ್ನು ಗುರುತಿಸಿದ್ದು ಕೆಲಸದಿಂದ.

ಫಲಕ ಹಾಕಿದವರ ದುಃಖ ಸುಳ್ಳಲ್ಲ. ಸತ್ತ ಗೆಳೆಯರನ್ನು ನೆನೆಯಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಕೊಡಗು, ಮೈಸೂರು ಸೀಮೆಯ ಕಾಫಿ ತೋಟಗಳ ಚರಿತ್ರೆ ಬರೆಯುವವರು ಬೋಅರ್ ಯುದ್ಧದ ಅಧ್ಯಾಯಕ್ಕೆ ಕೋಲ್ಕತ್ತದ ಫಲಕವೊಂದನ್ನೇ ಆಧಾರ ಮಾಡಿಕೊಳ್ಳಬಾರದು. ಜೊಹಾನ್ಸ್‌ಬರ್ಗಿನ ಕಲ್ಲನ್ನೂ ಅದರ ಪಕ್ಕದಲ್ಲಿಟ್ಟು ಓದಲಿ.