ಕೀಲಿನ ರೋಗ, ರಕ್ತನಾಳದ ಗಾಯ



ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹಳ್ಳಿಗಳಿಗೆ ಹೋದರೆ, ಮುಂಜಾನೆ ಬೆರಳು ಮಡಚಲಾರದೆ ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟುಕೊಟ್ಟ ತಾಯಂದಿರು ನಿಮಗೆ ಸಿಕ್ಕಾರು. ಕೇಳಿದರೆ 'ವಾಯು ಆಗೇತ್ರೀ' ಎನ್ನುತ್ತಾರೆ. ಈ ಭಾಗದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕೂಡ ಕೀಲು, ಬೆನ್ನು ಹಿಡಿಸುತ್ತದೆ, ನಿಜ. ಆದರೆ ಎರಡೂ ಕೈಗಳ ಸಣ್ಣ ಕೀಲುಗಳು ಬಾತು, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ರುಮಟಾಯ್ಡ್ ಸಂಧಿವಾತವಿದೆಯೇ ಎಂದು ನೋಡಿಸಬೇಕು. ಏಕೆಂದರೆ ಈ ರೋಗ ಕೀಲಿನಲ್ಲೇ ನಿಲ್ಲುವುದಿಲ್ಲ.

ಮಾಧವನಿದಾನದಲ್ಲಿ ಉಲ್ಬಣಿಸಿದ ಆಮವಾತದ ಲಕ್ಷಣಗಳ ನಡುವೆ 'ಹೃದ್ಗ್ರಹ', ಅಂದರೆ ಎದೆ ಹಿಡಿದಂತಾಗುವುದೂ ಇದೆ. ಆಮವಾತವೇ ಇಂದಿನ ಈ ರೋಗವೆಂದು ಸಾಧಿಸಲು ನಾನು ಹೊರಟಿಲ್ಲ. ಹಿಂದಿನವರು ಕೀಲನ್ನೂ ಎದೆಯನ್ನೂ ಒಟ್ಟಿಗೆ ನೋಡಿದ್ದರೆಂಬುದಷ್ಟೇ ಕುತೂಹಲ. ಪಶ್ಚಿಮದಲ್ಲಿ 1800ರಲ್ಲಿ ಪ್ಯಾರಿಸ್ಸಿನ ಲಾಂಡ್ರೆ-ಬೋವೆ ಒಂಬತ್ತು ಮಹಿಳೆಯರ ಸ್ಥಿತಿಯನ್ನು ವಿವರಿಸಿದ. 1859ರಲ್ಲಿ ಗ್ಯಾರಡ್ ಈಗಿನ ಹೆಸರಿಟ್ಟ. ರಕ್ತನಾಳಗಳೂ ಊದಿಕೊಳ್ಳುತ್ತವೆಂಬುದನ್ನು 1898ರಲ್ಲಿ ಬ್ಯಾನಟೈನ್ ದಾಖಲಿಸಿದ.

ಹಾನಿ ಆಗುವ ಬಗೆ ಹೀಗೆ. ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಅಸ್ತರಿಯಿದೆ. ಕೀಲಿನಲ್ಲಿ ಹೊತ್ತಿದ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಹರಿದು ಈ ಅಸ್ತರಿಯನ್ನು ಕೆಡಿಸುತ್ತವೆ. ನಾಳ ಸರಾಗವಾಗಿ ಹಿಗ್ಗುವುದಿಲ್ಲ, ಕೊಬ್ಬು ಬೇಗ ಕೂರುತ್ತದೆ. ಇಂಥವರಲ್ಲಿ ಹೃದ್ರೋಗದ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು.

ಹರಿದುದನ್ನು ಹೊಲಿಯುವ ವ್ಯವಸ್ಥೆಯೂ ದೇಹದಲ್ಲಿದೆ. ಪಕ್ಕದ ಜೀವಕೋಶಗಳು ಬೆಳೆದು ಗಾಯ ಮುಚ್ಚುತ್ತವೆ. ರಕ್ತದಲ್ಲಿ ಸಂಚರಿಸುವ ಕೆಲವು ಜೀವಕೋಶಗಳೂ ಕೈಜೋಡಿಸುತ್ತವೆಂದು 1997ರಲ್ಲಿ ಅಸಹಾರ ಮತ್ತು ಸಂಗಡಿಗರು ಸೂಚಿಸಿದರು; ಅವುಗಳ ಪಾತ್ರವೆಷ್ಟೆಂಬ ಚರ್ಚೆ ಮುಗಿದಿಲ್ಲ. ರೋಗ ಜೋರಾಗಿರುವಾಗ ಇವು ಕಡಿಮೆಯಾಗುವುದನ್ನು ಮುಂದಿನ ಅಧ್ಯಯನಗಳು ಕಂಡವು. ಗಾಯ ಹೆಚ್ಚು, ಹೊಲಿಯುವವರು ಕಡಿಮೆ!

ಹಾಗಾಗಿ ನೋವಿನ ಮಾತ್ರೆಯೊಂದೇ ಸಾಲದು, ಉರಿಯೂತವೇ ತಗ್ಗಬೇಕು. ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ಔಷಧಿಗಳ ಗುಂಪಿಗೆ ಸೇರಿದ್ದು ಮೆಥೊಟ್ರೆಕ್ಸೇಟ್. ಮೊದಲು ಕ್ಯಾನ್ಸರಿಗೆ ಬಳಕೆಯಾದ ಇದಕ್ಕೆ 1988ರಲ್ಲಿ ಅಮೆರಿಕದಲ್ಲಿ ಈ ಸಂಧಿವಾತಕ್ಕೂ ಒಪ್ಪಿಗೆ ಸಿಕ್ಕಿತು. ಇದನ್ನು ತೆಗೆದುಕೊಂಡ ರೋಗಿಗಳಲ್ಲಿ ಹೃದಯ, ರಕ್ತನಾಳಗಳ ಕಾಯಿಲೆಯ ಸಾವು ಕಡಿಮೆಯೆಂದು 2002ರ ಅಧ್ಯಯನವೊಂದು ತೋರಿಸಿತು.

ಒಂದು ಮಾತು ಮರೆಯಬೇಡಿ: ಈ ಮಾತ್ರೆ ವಾರಕ್ಕೊಮ್ಮೆ, ವೈದ್ಯರು ಗೊತ್ತುಮಾಡಿದ ದಿನ ಮಾತ್ರ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಓದು ಬಾರದ ಅಜ್ಜಿಗೆ ಆ ವಾರವನ್ನು, ನಿಮ್ಮೂರ ಸಂತೆಯ ದಿನಕ್ಕೆ ಹೊಂದಿಸಿಯಾದರೂ, ನೀವೇ ನೆನಪು ಮಾಡಿಕೊಡಿ.