ಸೋಡಿಯಿಲ್ಲದ ಅಂಗಡಿ

1902ರಲ್ಲಿ ಅಮೆರಿಕದ ವ್ಯೋಮಿಂಗ್ ರಾಜ್ಯದ ಕೆಮರರ್ ಎಂಬ ಗಣಿಯೂರಿನಲ್ಲಿ ಜೇಮ್ಸ್ ಕ್ಯಾಶ್ ಪೆನ್ನಿ ಎಂಬ ತರುಣ ಪಾಲುದಾರರೊಡನೆ ಬಟ್ಟೆಯಂಗಡಿಯೊಂದನ್ನು ತೆರೆದ. ಅಂಗಡಿಯ ಹೆಸರು ‘ಗೋಲ್ಡನ್ ರೂಲ್’. ಅಲ್ಲಿ ಸಾಲವಿಲ್ಲ, ಚೌಕಾಸಿಯಿಲ್ಲ, ಎಲ್ಲರಿಗೂ ಒಂದೇ ದರ. ಮುಂದೆ ದೇಶದಾದ್ಯಂತ ಹರಡಿದ ಜೆ.ಸಿ. ಪೆನ್ನಿ ಮಳಿಗೆಗಳಿಗೆ ಇದೇ ಮೂಲ.

2011ರ ಹೊತ್ತಿಗೆ ಅದೇ ಸಂಸ್ಥೆ ವರ್ಷಕ್ಕೆ 590 ರಿಯಾಯಿತಿ ಮಾರಾಟಗಳನ್ನು ನಡೆಸುತ್ತಿತ್ತು. ಪೂರ್ಣ ಬೆಲೆಗೆ ಮಾರಾಟವಾಗುತ್ತಿದ್ದುದು, ಅದೇ ಕೊಟ್ಟ ಲೆಕ್ಕದಂತೆ, ನೂರಕ್ಕೆ ಒಂದು ಪಾಲೂ ಇಲ್ಲ. ಅಂದಮೇಲೆ ಚೀಟಿಯ ಮೇಲಿನ ಬೆಲೆ ಯಾರಿಗಾಗಿ?

ಆ್ಯಪಲ್ ಮಳಿಗೆಗಳನ್ನು ಕಟ್ಟಿ ಹೆಸರಾಗಿದ್ದ ರಾನ್ ಜಾನ್ಸನ್ ಅದೇ ವರ್ಷ ನವೆಂಬರಿನಲ್ಲಿ ಸಂಸ್ಥೆಯ ಮುಖ್ಯಸ್ಥನಾಗಿ ಬಂದ. ಈ ಸೋಗು ಅವನಿಗೆ ಸಹಿಸಲಾಗಲಿಲ್ಲವೆಂದು ತೋರುತ್ತದೆ. 2012ರ ಫೆಬ್ರವರಿ 1ರಿಂದ ಕೂಪನ್‌ಗಳನ್ನು ಕೈಬಿಟ್ಟು, ಹಿಂದಿನ ವರ್ಷದ ನಮೂದಿತ ಬೆಲೆಗಿಂತ ಶೇ. 40ರಷ್ಟು ಕಡಿಮೆಯಾದ ನಿತ್ಯದರವನ್ನು ಜಾರಿಗೆ ತಂದ. 99 ಸೆಂಟುಗಳ ಬಾಲವನ್ನೂ ಕತ್ತರಿಸಿ ಇಡೀ ಡಾಲರಿನ ಅಂಕಿಗಳನ್ನು ಬರೆಸಿದ. ಗ್ರಾಹಕರು ತೆರುವ ಹಣ ಬಹುಮಟ್ಟಿಗೆ ಮೊದಲಿನಷ್ಟೇ. ಹೋದದ್ದು ಗೆರೆ ಹೊಡೆದ ಹಳೆಯ ಅಂಕಿ ಮಾತ್ರ.

ಗ್ರಾಹಕರೂ ಹೋದರು. ಆ ಒಂದೇ ವರ್ಷದಲ್ಲಿ ಮಾರಾಟ ಸುಮಾರು ಕಾಲುಭಾಗ ಕುಸಿಯಿತು, ನಷ್ಟ 98.5 ಕೋಟಿ ಡಾಲರ್. ದರವೊಂದೇ ಇದಕ್ಕೆ ಕಾರಣವಲ್ಲ, ಮಳಿಗೆಯ ವಿನ್ಯಾಸವನ್ನೂ ಸರಕುಗಳನ್ನೂ ಅವನು ಒಟ್ಟಿಗೇ ಬದಲಿಸತೊಡಗಿದ್ದ. ಆದರೂ ಕೂಪನ್ ಕತ್ತರಿಸಿಟ್ಟುಕೊಂಡು ಬರುತ್ತಿದ್ದ ಹಳೆಯ ಗಿರಾಕಿಗೆ ಅಲ್ಲಿ ಮಾಡಲು ಕೆಲಸವೇ ಉಳಿದಿರಲಿಲ್ಲ.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿಯೇ ಇದನ್ನು ವಿವರಿಸಿದ್ದ: ಕೊಳ್ಳುವವನಿಗೆ ವಸ್ತುವಿನಿಂದ ಒಂದು ತೃಪ್ತಿ, ವ್ಯವಹಾರದಿಂದಲೇ ಇನ್ನೊಂದು. ಅಂಗಿಯ ನೂಲು, ಹೊಲಿಗೆಗಳ ಯೋಗ್ಯತೆಯನ್ನು ಅಳೆಯಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಹೊಡೆದುಹಾಕಿದ ಅಂಕಿಯೇ ನಮಗೆ ಅಳತೆಗೋಲು. ಅದು ಸುಳ್ಳೆಂಬ ಗುಮಾನಿಯಿದ್ದರೂ ಸರಿಯೆ. ದೆಹಲಿಯಲ್ಲಿ ಗಾಂಧಿ ಜಯಂತಿಯ ಸೋಡಿಗಾಗಿ ಕಾದಿದ್ದು ಖಾದಿ ಕೊಳ್ಳುವ ನನ್ನಂಥ ಸರ್ಕಾರಿ ನೌಕರನಿಗೆ ಪೆನ್ನಿಯ ಗಿರಾಕಿಗಳನ್ನು ಗೇಲಿ ಮಾಡುವ ಅಧಿಕಾರವಿಲ್ಲ.

2013ರ ಏಪ್ರಿಲಿನಲ್ಲಿ ಜಾನ್ಸನ್ ಹುದ್ದೆ ಕಳೆದುಕೊಂಡ. ಮರುತಿಂಗಳು ಸಂಸ್ಥೆ ತಪ್ಪೊಪ್ಪಿಕೊಂಡು, ಮರಳಿ ಬನ್ನಿರೆಂದು ಜಾಹೀರಾತು ನೀಡಿತು. ಕೂಪನ್‌ಗಳು ಹಿಂದಿರುಗಿದವು. ಚೀಟಿಗಳ ಮೇಲೆ ಮೊದಲು ಬೆಲೆ ಏರಿತು, ಅನಂತರ ಅದಕ್ಕೆ ಗೆರೆ ಬಿತ್ತು.